ಇಂಗ್ಲಿಷ್ ಮತ್ತು ಭಾಷಣದ ಕ್ಲಾಸು ಆನ್‌ಲೈನಿಗೆ ಹೋದರೆ ಮಕ್ಕಳು ಬಾಯಿ ಬಿಡ್ತಾರಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡ್ತೇನೆ. ಮುಂದಿನ ಸೆಮಿಸ್ಟರಿನಿಂದ ಮೊದಲ ವರ್ಷದ ಇಂಗ್ಲಿಷ್ ಮತ್ತು ಪಬ್ಲಿಕ್ ಸ್ಪೀಕಿಂಗ್ ಎರಡನ್ನೂ ಪೂರ್ತಿ ಆನ್‌ಲೈನ್ ಮಾಡುವುದು ಅಂತ ಆಡಳಿತದವರು ಹೇಳಿದ್ದಾರೆ. ಕ್ಲಾಸಿನಲ್ಲಿ 50 ಜನ. ಅರ್ಧಕ್ಕಿಂತ ಜಾಸ್ತಿ ಕನ್ನಡ ಮಾಧ್ಯಮದವರು, ಉಳಿದವರು ಮಲಯಾಳಂ ಮಾಧ್ಯಮದವರು. ಕೊರೊನಾ ಸಮಯದ್ದು ನನಗೆ ಚೆನ್ನಾಗಿ ನೆನಪಿದೆ. ಕ್ಯಾಮರಾ ಆಫ್, ಮೈಕ್ ಆಫ್, ಹೆಸರು ಕರೆದರೆ ಉತ್ತರ ಇಲ್ಲ. ಸಹೋದ್ಯೋಗಿಯೊಬ್ಬರು "ವಿಡಿಯೋ ಮಾಡಿ ಕಳಿಸಲಿಕ್ಕೆ ಹೇಳಿ, ಮಾರ್ಕ್ ಹಾಕಿ, ಮುಗೀತಲ್ಲ" ಅಂತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎಣ್ಮಕಜೆ, ಬೆಳ್ಳೂರು ಕಡೆಯಿಂದ ಬರುವ ಕೆಲವರಿಗೆ ಮನೆಯಲ್ಲಿ ನೆಟ್‌ವರ್ಕ್ ಸರಿ ಸಿಗುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳು ಇನ್ನೂ ಹಿಂದೆ ಬೀಳ್ತಾರೆ ಅಂತ ಹೆದರಿಕೆ. ನಾನು ಒಪ್ಪಬೇಕಾ, ಬೇಡ ಅನ್ನಬೇಕಾ? ಒಪ್ಪಿದರೆ ಹೇಗೆ ನಡೆಸುವುದು?

ಉತ್ತರ: ನಮಸ್ತೆ ಟೀಚರ್. ನಿಮ್ಮ ಪತ್ರದಲ್ಲಿ ಎರಡು ಹೆದರಿಕೆ ಒಟ್ಟಿಗೆ ಸೇರಿಕೊಂಡಿವೆ. ಮಕ್ಕಳು ಮಾತಾಡುವುದೇ ಇಲ್ಲ ಅನ್ನುವುದು ಒಂದು. ಮಾತಾಡದೆ ಉಳಿಯುವವರು ಯಾವಾಗಲೂ ಅದೇ ಮಕ್ಕಳು, ಅಂದರೆ ಒಳಊರಿನವರು, ಕನ್ನಡ ಮಾಧ್ಯಮದವರು, ಮನೆಗೆಲ್ಲ ಒಂದೇ ಫೋನ್ ಇರುವವರು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ದಾರಿ ಉಂಟು. ಎರಡನೆಯದು ನಿಜವಾದ ಅಪಾಯ. ಕೋರ್ಸನ್ನು ನೀವು ಹೇಗೆ ಕಟ್ಟುತ್ತೀರಿ ಅನ್ನುವುದರ ಮೇಲೆ ಅದು ಜಾಸ್ತಿಯೂ ಆಗಬಹುದು, ಕಡಿಮೆಯೂ ಆಗಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಅಭ್ಯಾಸ ಮತ್ತು ತಿದ್ದುವ ಕೆಲಸ ಆನ್‌ಲೈನಿಗೆ ಹೋಗಲಿ, ಅಲ್ಲಿ ಅದು ಕ್ಲಾಸಿಗಿಂತ ಚೆನ್ನಾಗಿ ನಡೆಯುತ್ತದೆ. ಜನರ ಎದುರು ನಿಂತು ಮಾತಾಡುವುದು ಕಾಲೇಜಿನ ಹಾಲ್‌ನಲ್ಲೇ ಇರಲಿ. ಪೂರ್ತಿ ಆನ್‌ಲೈನ್ ಅನ್ನುವುದಕ್ಕೆ ಒಪ್ಪಬೇಡಿ. ಪೂರ್ತಿ ಬೇಡ ಅಂತಲೂ ಹೇಳಬೇಡಿ.

ಕೊರೊನಾ ಸಮಯದ ಅನುಭವದಿಂದ ಆನ್‌ಲೈನ್ ಕಲಿಕೆಯನ್ನೇ ಅಳೆಯುವುದು ಸರಿಯಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಮಂಗಳೂರಿನ ಕಾಲೇಜಿಗೆ ಹೋಗುತ್ತಿದ್ದ ನಮ್ಮ ಮಕ್ಕಳು ಈಚೆ ಉಳಿದರು. ಶಾಲೆ ಮಕ್ಕಳಿಗೆ ಜೂನ್ 1ರಿಂದ ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ ಫಸ್ಟ್ ಬೆಲ್ ಅನ್ನುವ ಟಿವಿ ಪಾಠ ಶುರುವಾಯ್ತು. ಕಾಲೇಜಿನಲ್ಲಿ ಹೆಚ್ಚಿನ ಕಡೆ ಟೀಚರುಗಳು ಒಂದು ಗಂಟೆಯ ಪಾಠವನ್ನು ಹಾಗೇ ಎತ್ತಿ ಫೋನಿಗೆ ಹಾಕಿದರು. ಆಗ ಬೇರೆ ದಾರಿಯೂ ಇರಲಿಲ್ಲ. ಒಂದು ಗಂಟೆ ಕೇಳಿಸಿಕೊಂಡು ಕೂರುವ ಕ್ಲಾಸಿನಲ್ಲಿ ಮಕ್ಕಳು ಮಾತಾಡಲಿಲ್ಲ ಅಂದರೆ, ಅದಕ್ಕೆ ಇಂಟರ್ನೆಟ್ ಒಂದೇ ಕಾರಣ ಅಲ್ಲ. ಈಗ ನಿಮಗೆ ತಯಾರಿಗೆ ಸಮಯ ಇದೆ. ಅದೇ ದೊಡ್ಡ ವ್ಯತ್ಯಾಸ.

ಮಕ್ಕಳು ಯಾಕೆ ಸುಮ್ಮನಾಗ್ತಾರೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಾರಣ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಮೊದಲನೆಯದು ತಾಂತ್ರಿಕ ಕಾರಣ, ಹೆಚ್ಚಿನವರು ಗಮನಿಸದ್ದು. ಎದುರೆದುರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಇರುವ ಅಂತರ ತುಂಬಾ ಕಡಿಮೆ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ 2009ರ ಅಧ್ಯಯನವೊಂದರಲ್ಲಿ ಅದು ಸರಾಸರಿ 200 ಮಿಲಿಸೆಕೆಂಡಿನ ಸುತ್ತಮುತ್ತ ಕಂಡಿತು. ನೆಟ್‌ವರ್ಕ್ ದುರ್ಬಲ ಇದ್ದಾಗ ಧ್ವನಿ ತಲುಪುವುದೇ ಅದಕ್ಕಿಂತ ತಡವಾಗುತ್ತದೆ. ಆಗ ಇಬ್ಬರು ಒಟ್ಟಿಗೆ ಶುರು ಮಾಡ್ತಾರೆ, ಇಬ್ಬರೂ ನಿಲ್ಲಿಸ್ತಾರೆ, "ನೀನು ಹೇಳು", "ಇಲ್ಲ ನೀನು ಹೇಳು" ಆಗುತ್ತದೆ. ಧೈರ್ಯದ ಹುಡುಗ ಮತ್ತೆ ಶುರು ಮಾಡ್ತಾನೆ. ಮೊದಲೇ ಅಂಜುವ ಹುಡುಗಿ ಆ ದಿನ ಮತ್ತೆ ಮೈಕ್ ಮುಟ್ಟುವುದಿಲ್ಲ. ನಾವು ಅದನ್ನು "ಆಸಕ್ತಿ ಇಲ್ಲ" ಅಂತ ಬರೆದುಕೊಳ್ಳುತ್ತೇವೆ.

ಎರಡನೆಯದು ತನ್ನದೇ ಮುಖ. ಮಾತಾಡುವಾಗ ತನ್ನ ಮುಖವನ್ನೇ ನೋಡುತ್ತಾ ಮಾತಾಡುವುದು ಯಾರಿಗೂ ಅಭ್ಯಾಸ ಇಲ್ಲ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಕರೆಯ ದಣಿವಿಗೆ ನಾಲ್ಕು ಕಾರಣ ಕೊಟ್ಟರು. ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ತನ್ನನ್ನು ತಾನೇ ನೋಡುತ್ತಿರುವುದು, ಅಲುಗಾಡದೆ ಕೂರುವುದು, ಸನ್ನೆ ಅರ್ಥ ಮಾಡಿಕೊಳ್ಳಲು ತಲೆಗೆ ಬೀಳುವ ಹೆಚ್ಚಿನ ಕೆಲಸ. ಹದಿನೆಂಟರ ಮಕ್ಕಳಿಗೆ ಎರಡನೆಯದು ಎಷ್ಟು ಕಷ್ಟ ಅಂತ ಯೋಚಿಸಿ. ತಮ್ಮ ಮುಖ ತಮಗೆ ಕಾಣದಂತೆ ಮಾಡುವ ಸೆಟ್ಟಿಂಗ್ ಉಂಟು. ಮೊದಲ ದಿನವೇ ಅದನ್ನು ತೋರಿಸಿಕೊಡಿ. ಕ್ಯಾಮರಾ ಕಡ್ಡಾಯ ಮಾಡಬೇಡಿ. ಕ್ಯಾಮರಾ ಆಫ್ ಇದ್ದವರೆಲ್ಲ ಮಲಗಿದ್ದಾರೆ ಅನ್ನುವುದು ತಪ್ಪು ತಿಳುವಳಿಕೆ. ಹಿಂದೆ ಅಡುಗೆಮನೆ ಕಾಣಬಾರದು ಅಂತ ಆಫ್ ಮಾಡಿದವರು, ಡೇಟಾ ಉಳಿಸಲು ಆಫ್ ಮಾಡಿದವರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ.

ಮೂರನೆಯದು ಮನೆ. ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಕ್ಲಾಸಿನಲ್ಲಿ ತಪ್ಪು ಇಂಗ್ಲಿಷ್ ಮಾತಾಡಿದರೆ ಪಕ್ಕದವನದ್ದೂ ತಪ್ಪು ಇಂಗ್ಲಿಷೇ. ಮನೆಯಲ್ಲಿ ಹಾಗಲ್ಲ. ಚಾವಡಿಯಲ್ಲಿ ಅಜ್ಜ ಕೂತಿದ್ದಾರೆ, ಒಳಗೆ ಟಿವಿ, ಗಲ್ಫಿನಿಂದ ರಜೆಗೆ ಬಂದ ಅಣ್ಣ ಬಾಗಿಲಲ್ಲಿ ನಿಂತು ಕೇಳ್ತಾನೆ, ಊಟಕ್ಕೆ ಕೂತಾಗ ಅದನ್ನೇ ಅಣಕಿಸ್ತಾನೆ. ಈ ಮಕ್ಕಳು ನಿಮ್ಮ ಎದುರು ಮಾತಾಡಲು ಹೆದರುತ್ತಿಲ್ಲ, ಮನೆಯವರ ಕಿವಿಗೆ ಹೆದರುತ್ತಿದ್ದಾರೆ. "ಧೈರ್ಯ ಮಾಡಿ ಮಾತಾಡಿ" ಅಂತ ಎಷ್ಟು ಸಲ ಹೇಳಿದರೂ ಇದು ಸರಿಯಾಗುವುದಿಲ್ಲ. ಸಮಯವನ್ನು ಅವರ ಕೈಗೆ ಕೊಟ್ಟರೆ ಸರಿಯಾಗುತ್ತದೆ. ತೋಟಕ್ಕೆ ಹೋಗಿ, ಬಸ್ ಸ್ಟಾಪಿನಲ್ಲಿ ಕೂತು, ಮನೆಯವರು ಮಲಗಿದ ಮೇಲೆ, ಅವರಿಗೆ ಬೇಕಾದಾಗ ಮಾತಾಡಿ ಕಳಿಸಲಿ.

ನಾಲ್ಕನೆಯದು ನಮ್ಮ ಕಾಸರಗೋಡಿನದೇ ಸಮಸ್ಯೆ. ಹೊರಗಿನವರು ಬರೆದ ಆನ್‌ಲೈನ್ ಕಲಿಕೆಯ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಉಂಟು. ಟೀಚರ್ ಇಂಗ್ಲಿಷ್‌ನಲ್ಲಿ ಹೇಳಿ ಮಲಯಾಳಂನಲ್ಲಿ ವಿವರಿಸಿದಾಗ, ಬೆಂಚಿನ ಪಕ್ಕದ ಗೆಳತಿ ಮೆಲ್ಲ ತುಳುವಿನಲ್ಲೋ ಕನ್ನಡದಲ್ಲೋ ಒಂದು ಮಾತು ಹೇಳ್ತಾಳೆ, ಇವಳಿಗೆ ಅರ್ಥವಾಗುತ್ತದೆ. ಈ ಪಿಸುಮಾತಿನ ಮೇಲೆ ನಮ್ಮ ಎಷ್ಟೋ ಮಕ್ಕಳ ಓದು ನಿಂತಿದೆ. ಆನ್‌ಲೈನಲ್ಲಿ ಮೊದಲು ಕಳೆದುಹೋಗುವುದು ಅದೇ. ಕನ್ನಡ ಮಾಧ್ಯಮದ ಮಕ್ಕಳು ಹಿಂದೆ ಬಿದ್ದರೆ ಅದಕ್ಕೆ ಅವರ ಬುದ್ಧಿ ಕಾರಣ ಅಲ್ಲ, ಮಾಧ್ಯಮವೂ ಅಷ್ಟು ಕಾರಣ ಅಲ್ಲ. ಪಕ್ಕದ ಬೆಂಚು ಇಲ್ಲ, ಅಷ್ಟೇ. ಹಾಗಾಗಿ ಅದನ್ನು ನೀವೇ ಮತ್ತೆ ಕಟ್ಟಿಕೊಡಬೇಕು. ಸೆಮಿಸ್ಟರಿನ ಶುರುವಿಗೇ ಇಬ್ಬಿಬ್ಬರ ಜೋಡಿ ಮಾಡಿ. ಪಾಠ ನಡೆಯುವಾಗ ಆ ಇಬ್ಬರು ವಾಟ್ಸಾಪಿನಲ್ಲಿ ತಮ್ಮ ಭಾಷೆಯಲ್ಲಿ ಕೇಳಿಕೊಳ್ಳಬಹುದು ಅಂತ ಬಾಯಿಬಿಟ್ಟು ಹೇಳಿ. ಇಂಗ್ಲಿಷ್ ಕ್ಲಾಸಿನಲ್ಲಿ ಇಂಗ್ಲಿಷೇ ಇರಬೇಕು ಅಂತ ಯಾರಾದರೂ ಆಕ್ಷೇಪ ಮಾಡಿದರೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಭಾಷಣದ ವಿಷಯ. "ಕೂತುಕೊಂಡು ಫೋನಿನೊಳಗೆ ಮಾತಾಡಿದರೆ ಅದು ಭಾಷಣವಾ?" ಅಂತ ಬೇರೆ ಟೀಚರುಗಳೂ ನನ್ನನ್ನು ಕೇಳಿದ್ದುಂಟು. ನಮ್ಮ ಊರಿನಲ್ಲಿ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಾತ್ರದ ಮಾತು (ಅರ್ಥ) ಹೇಳುವ ಅರ್ಥಧಾರಿ ಕೂತಲ್ಲೇ ಕೂತು, ಬರೆದುಕೊಳ್ಳದೆ, ಎದುರಿನವರ ಮಾತಿಗೆ ಮಾತು ಕೊಡ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ರಾತ್ರಿ ಇಡೀ ಕೂರುತ್ತಿದ್ದರು. ಅಲ್ಲಿ ಇದ್ದದ್ದು ಧ್ವನಿ, ನಿಲುಗಡೆ, ತರ್ಕ, ಸಮಯಸ್ಫೂರ್ತಿ. ಇವೆಲ್ಲ ಕೂತೇ ಕಲಿಯಬಹುದಾದ್ದು, ಧ್ವನಿ ಮಾತ್ರ ಹೋಗುವ ಕರೆಯಲ್ಲೂ ಕಲಿಯಬಹುದಾದ್ದು. ನೀವು ಇದನ್ನೇ ಅಭ್ಯಾಸ ಮಾಡಿಸಿ ನೋಡಿ. ವಾಲಿವಧೆಯ ಸಂದರ್ಭ ಕೊಡಿ, ಒಬ್ಬ ವಾಲಿ, ಒಬ್ಬಳು ರಾಮ, ಇಬ್ಬರೂ ಇಂಗ್ಲಿಷ್‌ನಲ್ಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯಾ ಅಂತ ವಾಲಿ ಕೇಳಬೇಕು, ರಾಮ ಉತ್ತರಿಸಬೇಕು. ಕಥೆ ಗೊತ್ತಿರುವುದರಿಂದ "ಏನು ಹೇಳುವುದು" ಅನ್ನುವ ಭಾರ ಇಳಿಯುತ್ತದೆ, "ಹೇಗೆ ಹೇಳುವುದು" ಮಾತ್ರ ಉಳಿಯುತ್ತದೆ. ಈ ಕಥೆ ಪರಿಚಯ ಇಲ್ಲದ ಮಕ್ಕಳಿಗೆ ಊರಿನ ಜಗಳವೊಂದನ್ನು ಕೊಡಿ. ಹೆದ್ದಾರಿ ಅಗಲ ಮಾಡುವಾಗ ಅಂಗಡಿ ಹೋದವನು ಮತ್ತು ರಸ್ತೆ ಬೇಕು ಅನ್ನುವವನು, ಹೀಗೆ.

ಆದರೆ ಮೂರು ವಿಷಯ ಆನ್‌ಲೈನಲ್ಲಿ ಬರುವುದೇ ಇಲ್ಲ. ಮೈಕಿಲ್ಲದೆ ಹಿಂದಿನ ಸಾಲಿಗೆ ಕೇಳುವಂತೆ ಧ್ವನಿ ಎತ್ತುವುದು, ನಿಂತಾಗ ಕಾಲು ನಡುಗುವುದನ್ನು ಸಹಿಸಿಕೊಳ್ಳುವುದು, ಕೇಳುಗರ ಮುಖ ನೋಡಿ ಮಾತು ಬದಲಿಸುವುದು. ಇವಕ್ಕೆ ಎದುರಿಗೆ ಮನುಷ್ಯರೇ ಬೇಕು. ಸೆಮಿಸ್ಟರಿಗೆ ಕಡಿಮೆ ಅಂದರೂ ಮೂರು ಸಲ ಪ್ರತಿ ಮಗುವೂ ಹಾಲ್‌ನಲ್ಲಿ ನಿಂತು ಮಾತಾಡಬೇಕು. ಇದರಲ್ಲಿ ರಾಜಿ ಬೇಡ.

ಇನ್ನು ನಿಮ್ಮ ಎದುರು ಇರುವ ದಾರಿಗಳು.

ಪೂರ್ತಿ ಲೈವ್ ವಿಡಿಯೋ ಕ್ಲಾಸು ಮಾಡಿದರೆ ಲೆಕ್ಕವೇ ಕೂಡುವುದಿಲ್ಲ. 50 ಮಕ್ಕಳು ತಲಾ ಮೂರು ನಿಮಿಷ ಮಾತಾಡಿದರೆ 150 ನಿಮಿಷ. ಒಬ್ಬರು ಮಾತಾಡುವಾಗ 49 ಜನ ಸುಮ್ನೆ ಕೂರಬೇಕು. ಡೇಟಾ ನೋಡಿ. ಝೂಮ್‌ನಲ್ಲಿ ಗುಂಪಿನ ವಿಡಿಯೋ ಚೆನ್ನಾಗಿ ಬರಲು ಸೆಕೆಂಡಿಗೆ 1 ಮೆಗಾಬಿಟ್ ಹತ್ತಿರ ಬೇಕು, ಅಂದರೆ ಗಂಟೆಗೆ ಸುಮಾರು 450 ಎಂಬಿ. ಧ್ವನಿ ಒಂದೇ ಆದರೆ 60ರಿಂದ 80 ಕಿಲೋಬಿಟ್ ಸಾಕು, ಅದು ಗಂಟೆಗೆ 35 ಎಂಬಿ ಆಸುಪಾಸು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕನ್ನು ಅಕ್ಕ ತಮ್ಮ ಹಂಚಿಕೊಳ್ಳುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಸಹೋದ್ಯೋಗಿ ಹೇಳಿದ ಹಾಗೆ ಬರೀ ರೆಕಾರ್ಡಿಂಗ್ ಅಂದರೆ ಸುಲಭ, ನಿಜ. ನೆಟ್‌ವರ್ಕ್ ಸಿಕ್ಕಿದಲ್ಲಿಂದ ಕಳಿಸಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ನಿಂತರೂ ಮಾರನೇ ದಿನ ಕಳಿಸಬಹುದು, ಜೂನ್ ಜುಲೈಯಲ್ಲಿ ನಮಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಮಗು ಒಂದೇ ಭಾಷಣವನ್ನು ಇಪ್ಪತ್ತು ಸಲ ತೆಗೆದು ಒಳ್ಳೆಯದನ್ನು ಕಳಿಸುತ್ತದೆ, ಅಥವಾ ಫೋನಿನ ಹಿಂದೆ ಕಾಗದ ಅಂಟಿಸಿ ಓದುತ್ತದೆ, ಅಥವಾ ಎಐ ಹತ್ತಿರ ಬರೆಸಿ ಬಾಯಿಪಾಠ ಮಾಡುತ್ತದೆ. ಅದು ವಾಚನ, ಭಾಷಣ ಅಲ್ಲ. ಕೇಳುಗರೇ ಇಲ್ಲದೆ ಕಲಿತ ಮಾತು ಕೇಳುಗರು ಬಂದ ದಿನ ಕೈಕೊಡುತ್ತದೆ.

ನಾನು ಹೇಳುವುದು ರೆಕಾರ್ಡಿಂಗ್, ಲೈವ್, ಹಾಲ್ ಮೂರನ್ನೂ ಬೆರೆಸುವ ದಾರಿ. ಆಡಳಿತದವರ ಹತ್ತಿರ ಮಾತಾಡುವಾಗ ಒಂದು ವಿಷಯ ನೆನಪಿಟ್ಟುಕೊಳ್ಳಿ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆಯ ಕೇಂದ್ರ ಸಂಸ್ಥೆ ಯುಜಿಸಿ 2021ರಲ್ಲಿ ಹೊರಡಿಸಿದ ಬ್ಲೆಂಡೆಡ್ ಲರ್ನಿಂಗ್ (ಬೆರೆಸಿದ ಕಲಿಕೆ) ಕರಡು ಟಿಪ್ಪಣಿಯಲ್ಲಿ ಹೇಳಿದ್ದು ಒಂದು ಕೋರ್ಸಿನ ಶೇಕಡಾ 40ರವರೆಗೆ ಆನ್‌ಲೈನ್, ಉಳಿದ 60 ಕ್ಲಾಸಿನಲ್ಲಿ ಅಂತ. ನಿಮ್ಮ ವಿಶ್ವವಿದ್ಯಾಲಯದ ಈಗಿನ ನಿಯಮವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬೇಡ ಅಂತ ಮಾತ್ರ ಹೇಳಿದರೆ "ಟೀಚರಿಗೆ ಕಂಪ್ಯೂಟರ್ ಬರುವುದಿಲ್ಲ" ಅಂತಾರೆ. ಯಾವ ವಾರ ಯಾವುದು ಆನ್‌ಲೈನ್, ಯಾವುದು ಹಾಲ್‌ನಲ್ಲಿ ಅಂತ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಕೇಳ್ತಾರೆ. ಟೈಮ್‌ಟೇಬಲ್ ಆಗುವ ಮೊದಲೇ ಹೋಗಿ.

ಇಂಗ್ಲಿಷ್ ಪೇಪರಿನ ವಿಷಯ ಅಷ್ಟು ಕಷ್ಟ ಇಲ್ಲ. ಪಾಠದ ವಿವರಣೆಯನ್ನು ಹತ್ತು ನಿಮಿಷದ ಧ್ವನಿ ತುಣುಕುಗಳಾಗಿ ಮಾಡಿ ಕೊಡಬಹುದು, ಬರವಣಿಗೆಯ ಫೋಟೋ ತರಿಸಿಕೊಂಡು ತಿದ್ದಬಹುದು. ಓದುವುದು, ಬರೆಯುವುದು ಎರಡೂ ದೂರದಿಂದ ನಡೆಯುತ್ತವೆ.

ಮಾತಿಗೆ ಮೆಟ್ಟಿಲು ಬೇಕು. ಮೊದಲ ಎರಡು ವಾರ ವಾಟ್ಸಾಪ್ ವಾಯ್ಸ್ ಮೆಸೇಜ್ ಮಾತ್ರ, ಒಂದು ನಿಮಿಷ, ನಿಮಗೆ ಒಬ್ಬರಿಗೇ, ಗುಂಪಿಗೆ ಅಲ್ಲ. ಯಾರೂ ನಗುವುದಿಲ್ಲ ಅಂತ ಖಾತ್ರಿಯಾದರೆ ಕ್ಲಾಸಿನಲ್ಲಿ ಬಾಯೇ ತೆರೆಯದವರು ಇಲ್ಲಿ ತೆರೀತಾರೆ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆಮೇಲೆ ಅದೇ ಮಾತನ್ನು ಜೋಡಿಗೆ ಹೇಳುವುದು. ಆಮೇಲೆ ಏಳೆಂಟು ಜನರ ಸಣ್ಣ ಗುಂಪಿನಲ್ಲಿ ಲೈವ್, ಕ್ಯಾಮರಾ ಬೇಕಾದವರು ಹಾಕಲಿ. ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷದ ಮಿತಿ ಇದೆ, ಎಂಟು ಜನರಿಗೆ ಅದು ಸರಿಯಾಗಿ ಸಾಕು. ಗುಂಪಿನಲ್ಲಿ ಯಾರ ನಂತರ ಯಾರು ಅಂತ ಮೊದಲೇ ಪಟ್ಟಿ ಹಾಕಿ. ಮಾತು ಮುಗಿಸಿದವರು ಮುಂದಿನವರ ಹೆಸರು ಕರೆದು ಬಿಟ್ಟುಕೊಡಲಿ. ಧ್ವನಿ ತಡವಾಗಿ ತಲುಪಿದರೂ ಆಗ ಗೊಂದಲ ಆಗುವುದಿಲ್ಲ. ಕೊನೆಗೆ ಹಾಲ್.

ಭಾಷಣದ ತಯಾರಿ ಕನ್ನಡದಲ್ಲಿ, ಮಲಯಾಳಂನಲ್ಲಿ, ತುಳುವಿನಲ್ಲಿ ಮಾಡಲಿ, ಅಡ್ಡಿ ಇಲ್ಲ. ಅಡಿಕೆಗೆ ಕೊಳೆರೋಗ ಬಂದ ವರ್ಷ ಮನೆಯಲ್ಲಿ ಏನಾಯಿತು ಅಂತ ಒಬ್ಬ ಹುಡುಗ ಮೊದಲು ತನ್ನ ಭಾಷೆಯಲ್ಲಿ ಎರಡು ನಿಮಿಷ ಹೇಳಲಿ. ಹೇಳುವ ವಿಷಯ ತಲೆಯಲ್ಲಿ ಕೂತ ಮೇಲೆ ಇಂಗ್ಲಿಷ್ ಬರುತ್ತದೆ. ತಪ್ಪಿರುತ್ತದೆ, ಇರಲಿ. ಹೇಳಲು ಏನೂ ಇಲ್ಲದ ಶುದ್ಧ ಇಂಗ್ಲಿಷಿಗಿಂತ ಅದು ಎಷ್ಟೋ ಮೇಲು. ಇಂಥ ಮನೆ ಸುತ್ತಿನ ವಿಷಯ ಕೊಟ್ಟರೆ ಎಐ ಬರೆದ ಭಾಷಣದ ತೊಂದರೆಯೂ ಅರ್ಧ ಕಡಿಮೆ. ಉಳಿದ ಅರ್ಧಕ್ಕೆ ಒಂದು ಉಪಾಯ: ಪೂರ್ತಿ ಬರೆದ ಭಾಷಣ ಬೇಡ, ಕೈಯಲ್ಲಿ ಬರೆದ ಐದು ಅಂಶಗಳ ಚೀಟಿಯ ಫೋಟೋ ಮಾತ್ರ ಕೇಳಿ. ಭಾಷಣ ಆದ ಮೇಲೆ ಲೈವ್‌ನಲ್ಲಿ ಎರಡು ಪ್ರಶ್ನೆ ಕೇಳಿ. "ನಿಮ್ಮ ತೋಟದಲ್ಲಿ ಮದ್ದು ಬಿಡುವವರು ಯಾರು?" ಅಂದರೆ ತನ್ನದಾದ ಮಾತು ಯಾವುದು, ತಂದ ಮಾತು ಯಾವುದು ಅಂತ ಗೊತ್ತಾಗಿಬಿಡುತ್ತದೆ.

ತಿದ್ದುವಾಗ ಒಂದು ಎಚ್ಚರ ಬೇಕು. ಕೆಟ್ಟ ಧ್ವನಿ ಕೇಳಿ ಉಚ್ಚಾರಕ್ಕೆ ಮಾರ್ಕ್ ಕಳೆಯಬೇಡಿ. ಎಸ್, ಎಫ್ ತರಹದ ಶಬ್ದಗಳನ್ನು ಬೇರೆ ಮಾಡಿ ತೋರಿಸುವ ತೀಕ್ಷ್ಣ ಭಾಗ ನೆಟ್‌ವರ್ಕ್ ದುರ್ಬಲವಾದಾಗ ಮೊದಲು ಕತ್ತರಿಸಿಹೋಗುತ್ತದೆ. ಹಂಚಿನ ಮಾಡಿನ ಮೇಲೆ, ಶೀಟಿನ ಮೇಲೆ ಮಳೆ ಹೊಡೆಯುವಾಗ ಆ್ಯಪ್ ಆ ಸದ್ದನ್ನು ತೆಗೆಯಲು ಹೋಗಿ ಪದದ ಕೊನೆಯನ್ನೂ ನುಂಗುತ್ತದೆ. ಮಗು ಸರಿಯಾಗಿಯೇ ಹೇಳಿರುತ್ತದೆ, ನಿಮಗೆ ಕೇಳುವುದಿಲ್ಲ. ವಯರ್ ಇರುವ ಸಾದಾ ಇಯರ್‌ಫೋನ್ ಹಾಕಿ ಅದರ ಮೈಕನ್ನು ಬಾಯಿಯ ಹತ್ತಿರ ಇಟ್ಟರೆ ಬಹಳ ಸುಧಾರಿಸುತ್ತದೆ, ದೊಡ್ಡ ಖರ್ಚೂ ಇಲ್ಲ. ಪದದ ಕೊನೆಗೆ ಸ್ವರ ಸೇರಿಸುವುದು, ಕನ್ನಡದ ಮಕ್ಕಳಿಗೆ ಇದು ಅಭ್ಯಾಸ, ಬೇಕಾದರೆ ನಿಧಾನ ತಿದ್ದಿ, ಆದರೆ ಅದರಿಂದ ಅರ್ಥ ಕೆಡುವುದಿಲ್ಲ. ಒಂದು ಸಲಕ್ಕೆ ಒಂದೇ ತಪ್ಪು ಹೇಳಿ. ನಿಮ್ಮ ತಿದ್ದುಪಡಿಯನ್ನೂ ಧ್ವನಿಯಲ್ಲೇ ಕಳಿಸಿ, ಅರ್ಧ ನಿಮಿಷ ಸಾಕು. 50 ಜನರಿಗೆ ಅದೇ 25 ನಿಮಿಷ ಆಯ್ತು, ಕೇಳುವ ಹೊತ್ತು ಬೇರೆ. ಪ್ರತಿ ವಾರ ಎಲ್ಲರದ್ದೂ ಕೇಳಲು ಹೋಗಬೇಡಿ, ಎರಡು ವಾರಕ್ಕೆ ಒಂದು ಸುತ್ತು ಮಾಡಿ. ನಡುವಿನ ವಾರ ಜೋಡಿಗಳು ಒಬ್ಬರದ್ದನ್ನೊಬ್ಬರು ಕೇಳಲಿ. ಈ ಕೆಲಸವನ್ನು ನಿಮ್ಮ ಪಾಠದ ಗಂಟೆಗಳಲ್ಲಿ ಸೇರಿಸಬೇಕು ಅಂತಲೂ ಆಡಳಿತದವರಿಗೆ ಕೊಡುವ ಆ ಹಾಳೆಯಲ್ಲಿ ಬರೆಯಿರಿ. ಬರೆಯದಿದ್ದರೆ ಅದನ್ನು ನೀವು ರಾತ್ರಿ ಮನೆಯಲ್ಲಿ ಕೂತು ಮಾಡಬೇಕಾಗುತ್ತದೆ.

ಮಾರ್ಕಿನಲ್ಲಿ ವಿಡಿಯೋದ ಗುಣಮಟ್ಟ, ಹಿನ್ನೆಲೆ, ಬಟ್ಟೆ ಯಾವುದೂ ಬರಬಾರದು. ವಿಷಯ, ಜೋಡಣೆ, ಕೇಳುಗರನ್ನು ತಲುಪಿದ್ದು, ಪ್ರಶ್ನೆಗೆ ಉತ್ತರ ಕೊಟ್ಟದ್ದು, ಇಷ್ಟೇ. ಹಾಲ್‌ನಲ್ಲಿ ಮಾತಾಡಿದ್ದಕ್ಕೆ ಜಾಸ್ತಿ ಪಾಲು ಕೊಡಿ. ಕ್ಯಾಮರಾ ನೋಡಿ ಮಾತಾಡುವುದನ್ನೂ ಒಂದು ದಿನ ಕಲಿಸಿ. ಫೋನನ್ನು ಕಣ್ಣಿನ ಮಟ್ಟಕ್ಕೆ ಇಡುವುದು, ಬೆಳಕು ಮುಖದ ಎದುರಿನಿಂದ ಬರುವಂತೆ ಕೂರುವುದು, ಸ್ಕ್ರೀನ್ ಬಿಟ್ಟು ಲೆನ್ಸ್ ನೋಡುವುದು. ಈಗ ಎಷ್ಟೋ ಕೆಲಸದ ಇಂಟರ್ವ್ಯೂ ಆನ್‌ಲೈನಲ್ಲೇ ನಡೆಯುವುದರಿಂದ ಇದು ಮಕ್ಕಳಿಗೆ ನೇರ ಉಪಯೋಗಕ್ಕೆ ಬರುವ ವಿದ್ಯೆ.

ಮೊದಲ ವಾರವೇ ಒಂದು ಪಟ್ಟಿ ಮಾಡಿ. ಯಾರ ಹತ್ತಿರ ಸ್ವಂತ ಫೋನ್ ಉಂಟು, ಯಾರದ್ದು ಅಪ್ಪನ ಫೋನ್, ಅಪ್ಪ ಮನೆಗೆ ಬರುವುದು ಎಷ್ಟು ಗಂಟೆಗೆ, ಎಲ್ಲಿ ಸಿಗ್ನಲ್ ಸಿಗುತ್ತದೆ. ಇದನ್ನು ಕ್ಲಾಸಿನಲ್ಲಿ ಕೈ ಎತ್ತಿಸಿ ಕೇಳಬೇಡಿ, ಚೀಟಿಯಲ್ಲಿ ಬರೆಸಿಕೊಳ್ಳಿ. ನೆಟ್‌ವರ್ಕ್ ಇಲ್ಲದವರಿಗೆ ಕಾಲೇಜಿನಲ್ಲೇ ಒಂದು ಖಾಲಿ ಕೋಣೆ, ವೈಫೈ, ಮಧ್ಯಾಹ್ನದ ಒಂದು ಗಂಟೆ ಕೊಡಿಸಿ. ಇದು ಸಿಗದಿದ್ದರೆ ಆ ಮಕ್ಕಳಿಗೆ ಅದೇ ಕೆಲಸವನ್ನು ನಿಮ್ಮ ಎದುರು ಬಂದು ಮಾತಾಡಿ ಮುಗಿಸುವ ಅವಕಾಶ ಇರಲಿ, ಮಾರ್ಕ್ ಸಮಾನ ಇರಲಿ.

ಕೊನೆಗೆ ರೆಕಾರ್ಡಿಂಗುಗಳ ವಿಷಯ, ಇದನ್ನು ಹಗುರವಾಗಿ ತಗೊಳ್ಳಬೇಡಿ. ಹೆಣ್ಣುಮಕ್ಕಳ ವಿಡಿಯೋ ಗುಂಪಿನಿಂದ ಗುಂಪಿಗೆ ಹೋಗಿ, ಅದಕ್ಕೆ ಯಾರೋ ಹಾಡು ಸೇರಿಸಿ ಸ್ಟೇಟಸ್ ಹಾಕಿದರೆ ಆ ಹುಡುಗಿ ಮತ್ತೆ ಮಾತಾಡುವುದಿಲ್ಲ, ಮನೆಯವರು ಕಾಲೇಜನ್ನೇ ಬಿಡಿಸಲೂಬಹುದು. ವಿಡಿಯೋ ಬೇಡ ಅಂದವರಿಗೆ ಧ್ವನಿ ಸಾಕು ಅನ್ನಿ. ಕಳಿಸುವುದು ನಿಮಗೆ ಮಾತ್ರ. ಕಾಲೇಜಿನ ಯೂಟ್ಯೂಬಿಗೆ ಹಾಕ್ತೇವೆ ಅಂತ ಆಡಳಿತದವರು ಕೇಳಿದರೆ ಮಗುವಿನ ಒಪ್ಪಿಗೆ ಬರಹದಲ್ಲಿ ಇಲ್ಲದೆ ಕೊಡಬೇಡಿ. ಮಾರ್ಕ್ ಪಟ್ಟಿ ಆಗಿ, ತಕರಾರಿನ ಅವಧಿ ಮುಗಿದ ಮೇಲೆ ಎಲ್ಲವನ್ನೂ ಅಳಿಸಿ, ಅಳಿಸಿದ್ದೇನೆ ಅಂತ ಮಕ್ಕಳಿಗೆ ತಿಳಿಸಿ.